ಪ್ರೈಮರ್ ಪೂರ್ತಿ ಕೂರುತ್ತಿಲ್ಲವಾ? ಹೊಸ ಹ್ಯಾಂಡ್ ಪ್ರೈಮಿಂಗ್ ಟೂಲ್ ಕೊಳ್ಳುವ ಮೊದಲು ನೋಡಬೇಕಾದದ್ದು

ಹಾರಿಸಿದ ತೋಟಾದ ಕೇಸನ್ನು, ಅಂದರೆ ಖಾಲಿ ಲೋಹದ ಕವಚವನ್ನು, ಮತ್ತೆ ತುಂಬುವವರು ಅದರ ತಳದ ಗುಳಿಗೆ (ಪ್ರೈಮರ್ ಪಾಕೆಟ್) ಏಟಿಗೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಪ್ರೈಮರನ್ನು ಒತ್ತಿ ಕೂರಿಸುತ್ತಾರೆ. ಅದಕ್ಕೆ ಕೈಯಲ್ಲಿ ಹಿಡಿದು ಒತ್ತುವ ಸಾಧನವೇ ಹ್ಯಾಂಡ್ ಪ್ರೈಮಿಂಗ್ ಟೂಲ್. ಅದರ ಮೇಲಿನ ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ಟ್ರಿಗರ್ ಎಳೆದರೆ 'ಟಿಕ್' ಅನ್ನುತ್ತದೆ, ಗುಂಡು ಹಾರುವುದಿಲ್ಲ. ಅದೇ ತೋಟಾ ಎರಡನೇ ಏಟಿಗೆ ಹಾರುತ್ತದೆ. ಇಲ್ಲವೇ ರಿವಾಲ್ವರ್‌ನ ಸಿಲಿಂಡರ್ ಅರ್ಧ ತಿರುಗಿ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಹಿಡಿ ಒತ್ತಿ ಒತ್ತಿ ಹೆಬ್ಬೆರಳಿನ ಬುಡ ನೋಯುತ್ತಿದೆ, ಪ್ರೈಮರ್ ಮಾತ್ರ ಮೇಲೆಯೇ ನಿಂತಿದೆ. ಇದೆಲ್ಲ ಆದ ಮೇಲೆ ಬರುವ ಪ್ರಶ್ನೆ ಒಂದೇ: 'ಈ ಟೂಲ್ ಸರಿ ಇಲ್ಲ, ಯಾವುದು ತಗೊಳ್ಳಲಿ?'

ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ತೊಂದರೆ ಟೂಲಿನದೋ, ಕೇಸಿನದೋ, ಬಂದೂಕಿನದೋ ಎಂದು ಗೊತ್ತಾಗದೆ ದುಡ್ಡು ಸುರಿದರೆ ಹೊಸ ಟೂಲಿನಲ್ಲೂ ಅದೇ ಗೋಳು. ನನ್ನನ್ನು ಕೇಳಿದರೆ, ಹ್ಯಾಂಡ್ ಪ್ರೈಮರ್ ಮೇಲೆ ಬೀಳುವ ಬೈಗುಳದಲ್ಲಿ ಜಾಸ್ತಿ ಪಾಲು ಕೇಸಿನ ಪ್ರೈಮರ್ ಪಾಕೆಟ್‌ಗೆ ಸೇರಬೇಕಾದದ್ದು. ಹಾಗಾಗಿ ಈ ಕೈಪಿಡಿಯಲ್ಲಿ ಟೂಲ್ ಆಯ್ಕೆಯ ಮಾತು ಕೊನೆಗೆ ಬರುತ್ತದೆ. ಮೊದಲು ದೋಷ ಎಲ್ಲಿದೆ ಎಂದು ಹುಡುಕೋಣ.

ಕೈ ಹಾಕುವ ಮುಂಚೆ

ಪ್ರೈಮರ್ ಚಿಕ್ಕದು, ಆದರೆ ಅದು ಏಟಿಗೆ ಸಿಡಿಯಲೆಂದೇ ಮಾಡಿದ ವಸ್ತು. ಕಣ್ಣಿಗೆ ಸುರಕ್ಷಾ ಕನ್ನಡಕ ಹಾಕದೆ ಈ ಕೆಲಸ ಮಾಡಲೇಬಾರದು. ಟೂಲಿನ ಮೇಲಿನ ಪ್ರೈಮರ್ ಟ್ರೇಯಲ್ಲಿ ನೂರಕ್ಕಿಂತ ಜಾಸ್ತಿ ಪ್ರೈಮರ್ ಬೇಡ. ಉಳಿದವು ಕಂಪನಿಯ ಡಬ್ಬಿಯಲ್ಲೇ, ಮೇಜಿನಿಂದ ದೂರ ಇರಲಿ. ಗಾಜಿನ ಬಾಟಲಿಗೋ ಡಬ್ಬಕ್ಕೋ ಸುರಿದಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಂದು ಸಿಡಿದರೆ ಪಕ್ಕದ್ದೂ ಸಿಡಿಯುತ್ತದೆ. ಕೆಲವು ಕಂಪನಿಗಳು ಪ್ರೈಮರ್‌ಗಳ ನಡುವೆ ಜಾಗ ಬಿಟ್ಟು ದೊಡ್ಡ ಪ್ಯಾಕಿನಲ್ಲಿ ಕೊಡುವುದು ಈ ಕಾರಣಕ್ಕೇ, ಜಾಗ ದಂಡ ಮಾಡುವುದಕ್ಕಲ್ಲ.

ತುಂಬಿದ ತೋಟಾದಲ್ಲಿ ಪ್ರೈಮರ್ ಎದ್ದು ಕಂಡರೆ ಅದನ್ನು ಟೂಲಿಗೆ ಹಾಕಿ ಇನ್ನೊಂದು ಸಲ ಒತ್ತಬೇಡಿ. ಮೊದಲು ಬುಲೆಟ್ ಕಿತ್ತು, ಮದ್ದು ಹೊರಗೆ ಹಾಕಿ. ಆಮೇಲೆ ಮುಂದಿನ ಮಾತು. ರೇಂಜಿನಲ್ಲಿ 'ಟಿಕ್' ಅಂದು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹಾರುವ ತೋಟಾ ಅಪರೂಪ, ಆದರೆ ಇದೆ. ಇನ್ನು, ತೋಟಾ ಮರುತುಂಬಲು ನಿಮ್ಮಲ್ಲಿ ಕಾನೂನಿನ ಅನುಮತಿ ಬೇಕಿದ್ದರೆ ಅದು ಕೈಯಲ್ಲಿದ್ದ ಮೇಲೆಯೇ ಈ ಮೇಜಿನ ಮುಂದೆ ಕೂರಿ.

'ಸರಿಯಾಗಿ ಕೂತಿದೆ' ಅಂದರೆ ಎಷ್ಟು?

ಮರುತುಂಬುವವರು ಸಾಮಾನ್ಯವಾಗಿ ಬಳಸುವ ಬಾಕ್ಸರ್ ಬಗೆಯ ಪ್ರೈಮರ್ ಒಳಗೆ ಮೂರು ಸಂಗತಿ ಇವೆ: ಹೊರಗಿನ ಲೋಹದ ಬಟ್ಟಲು, ತಳದಲ್ಲಿ ಸಿಡಿಮದ್ದಿನ ತೆಳು ಪದರ, ಅದರ ಮೇಲೆ ಪುಟ್ಟ ಕಾಲುಗಳಿರುವ ಅನ್ವಿಲ್ (ಅಡಿಗಲ್ಲಿನಂತೆ ಏಟಿಗೆ ಆಧಾರ ಕೊಡುವ ಲೋಹದ ಚೂರು). ಪ್ರೈಮರ್ ಒಳಗೆ ಹೋಗುವಾಗ ಅನ್ವಿಲ್‌ನ ಕಾಲುಗಳು ಪಾಕೆಟ್ಟಿನ ತಳ ಮುಟ್ಟಬೇಕು. ಮುಟ್ಟಿದ ಮೇಲೆ ಬಟ್ಟಲು ಇನ್ನೊಂದು ಕೂದಲೆಳೆಯಷ್ಟು ಇಳಿದು, ಮದ್ದು ಅನ್ವಿಲ್‌ಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಆಗ ಮಾತ್ರ ಫೈರಿಂಗ್ ಪಿನ್ನಿನ ಏಟು ಪೂರ್ತಿ ಮದ್ದಿಗೆ ತಾಗುತ್ತದೆ. ಕಾಲುಗಳು ತಳ ಮುಟ್ಟದಿದ್ದರೆ ಏಟಿನ ಶಕ್ತಿಯೆಲ್ಲ ಪ್ರೈಮರನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಮೊದಲ ಏಟಿಗೆ ಕೂರುತ್ತದೆ, ಎರಡನೇ ಏಟಿಗೆ ಸಿಡಿಯುತ್ತದೆ. ಮೇಲೆ ಹೇಳಿದ ದೂರಿನ ಗುಟ್ಟು ಇದೇ.

ಅಳತೆಯಲ್ಲಿ ಹೇಳುವುದಾದರೆ, ಪ್ರೈಮರ್ ಕೇಸಿನ ತಳಕ್ಕಿಂತ ಸುಮಾರು 0.003 ರಿಂದ 0.005 ಇಂಚು ಕೆಳಗಿರಬೇಕು. ಅಂದರೆ 0.08 ರಿಂದ 0.13 ಮಿಲಿಮೀಟರ್. ಸಮಕ್ಕೆ ನಿಂತರೆ ಸಾಲದು. ಎದ್ದು ನಿಂತರಂತೂ ಅಪಾಯ. ಎಂ1 ಗ್ಯಾರಂಡ್, ಎಆರ್-15 ಥರದ ರೈಫಲ್‌ಗಳಲ್ಲಿ ಫೈರಿಂಗ್ ಪಿನ್ನನ್ನು ಹಿಂದೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ. ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮುಚ್ಚುವ ಹೊಡೆತಕ್ಕೆ ಪಿನ್ ತಾನೇ ಮುಂದೆ ಜಾರಿ ಪ್ರೈಮರ್‌ಗೆ ತಗಲುತ್ತದೆ. ಎದ್ದು ನಿಂತ ಪ್ರೈಮರ್ ಆ ಸಣ್ಣ ಏಟಿಗೇ ಸಿಡಿದರೆ ಟ್ರಿಗರ್ ಎಳೆಯದೆಯೇ ತೋಟಾ ಹಾರುತ್ತದೆ, ಕೆಲವೊಮ್ಮೆ ಬೋಲ್ಟ್ ಪೂರ್ತಿ ಲಾಕ್ ಆಗುವ ಮೊದಲೇ. ಸ್ಲ್ಯಾಮ್ ಫೈರ್ ಅನ್ನುವುದು ಇದನ್ನೇ.

ನೋಡುವುದು ಹೇಗೆ? ಪ್ರೈಮರ್ ಹಾಕಿದ ಖಾಲಿ ಕೇಸನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ. ಅಲ್ಲಾಡಿದರೆ ಪ್ರೈಮರ್ ಎದ್ದಿದೆ. ಬೆರಳ ತುದಿಯನ್ನು ತಳದ ಮೇಲೆ ಎಳೆದರೆ ಅಂಚಿನಲ್ಲಿ ಒಂದು ಸಣ್ಣ ತಗ್ಗು ಸಿಗಬೇಕು, ಉಬ್ಬು ಸಿಗಬಾರದು. ಬೆರಳಿಗೆ ಇದು ಬೇಗ ರೂಢಿಯಾಗುತ್ತದೆ. ಅನುಮಾನ ಬಂದಾಗ ವರ್ನಿಯರ್ ಕ್ಯಾಲಿಪರ್‌ನ ಬಾಲದ ಕಡ್ಡಿಯಿಂದ ಆಳ ನೋಡಿ. ಪ್ರತಿ ಕೇಸನ್ನೂ ಅಳೆಯಬೇಕಿಲ್ಲ. ಪ್ರತಿ ಕೇಸಿನ ಮೇಲೂ ಬೆರಳು ಮಾತ್ರ ಹೋಗಲೇಬೇಕು.

ಅದಲು ಬದಲು ಮಾಡಿ ನೋಡಿ

ದೋಷ ಹುಡುಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಅಷ್ಟೇ.

ಮೊದಲು ಬಂದೂಕನ್ನು ಲೆಕ್ಕದಿಂದ ತೆಗೆಯಿರಿ. ಕಾರ್ಖಾನೆಯ ತೋಟಾ ಹಾಕಿದರೂ ಹಾರದೆ ಉಳಿಯುತ್ತಿದ್ದರೆ ಪ್ರೈಮಿಂಗ್ ಟೂಲಿನ ಗೊಡವೆಯೇ ಬೇಡ. ಹ್ಯಾಮರ್ ಸ್ಪ್ರಿಂಗ್ ಸೋತಿರಬಹುದು, ಬೋಲ್ಟ್ ಒಳಗೆ ಹಳೆ ಗ್ರೀಸ್ ಗಟ್ಟಿಯಾಗಿರಬಹುದು, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರ) ಜಾಸ್ತಿ ಇರಬಹುದು. ಬಂದೂಕನ್ನು ರಿಪೇರಿ ಗೊತ್ತಿದ್ದವರ ಹತ್ತಿರ ತೋರಿಸಿ.

ಕಾರ್ಖಾನೆಯ ತೋಟಾ ಚೆನ್ನಾಗಿ ಹಾರಿದರೆ ಕೇಸಿನ ಕಡೆ ಬನ್ನಿ. ಮರುತುಂಬುವವರ ಡಬ್ಬಿಯಲ್ಲಿ ಹತ್ತು ಕಡೆಯ ಕೇಸ್ ಬೆರೆತಿರುವುದು ಸಾಮಾನ್ಯ ಅಲ್ವಾ? ತಳದ ಮುದ್ರೆ ನೋಡಿ ಕಂಪನಿವಾರು ಬೇರೆ ಮಾಡಿ. ಒಂದೊಂದು ಗುಂಪಿಗೂ ಅದೇ ಟೂಲಿನಲ್ಲಿ ಪ್ರೈಮರ್ ಹಾಕಿ. ಒಂದು ಗುಂಪಿನಲ್ಲಿ ಮಾತ್ರ ಬಿಗಿ ಬಂದು, ಉಳಿದವು ಸಲೀಸಾಗಿ ಕೂತರೆ ಟೂಲ್ ನಿರಪರಾಧಿ. ಎಲ್ಲ ಗುಂಪಿನಲ್ಲೂ ಒಂದೇ ಥರ ಮೇಲೆ ನಿಂತರೆ ಆಗ ಟೂಲನ್ನು ಹಿಡಿದು ಕೇಳಿ. ಹೊಸ, ಒಮ್ಮೆಯೂ ಹಾರಿಸದ ಕೇಸ್ ಒಂದಿಷ್ಟು ಇದ್ದರೆ ಇನ್ನೂ ಒಳ್ಳೆಯದು. ಅದರ ಪಾಕೆಟ್ಟಿನಲ್ಲಿ ಕಸವೂ ಇಲ್ಲ, ಸಾಮಾನ್ಯವಾಗಿ ಕ್ರಿಂಪೂ (ಪಾಕೆಟ್ಟಿನ ಬಾಯಿಯಲ್ಲಿ ಒಳಕ್ಕೆ ಒತ್ತಿದ ಅಂಚು) ಇರುವುದಿಲ್ಲ.

ಪಾಕೆಟ್ಟಿನ ತಂಟೆಗಳು

ಮಿಲಿಟರಿ ಕೇಸಿನ ಕ್ರಿಂಪ್: ಮೊದಲ ಅನುಮಾನ ಇದರ ಮೇಲೆಯೇ ಇರಲಿ. 5.56, 7.62 ಥರದ ಸೈನ್ಯದ ತೋಟಾಗಳಲ್ಲಿ ಪ್ರೈಮರ್ ಅಲುಗದಂತೆ ಪಾಕೆಟ್ಟಿನ ಬಾಯಿಯ ಲೋಹವನ್ನು ಒಳಕ್ಕೆ ಒತ್ತಿ ಬಿಟ್ಟಿರುತ್ತಾರೆ. ಹಳೆ ಪ್ರೈಮರ್ ಹೊರಗೆ ಬರುತ್ತದೆ, ಆ ಅಂಚು ಹಾಗೇ ಉಳಿಯುತ್ತದೆ. ಹೊಸ ಪ್ರೈಮರ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿದರೆ ಬಟ್ಟಲು ಮುದುಡುತ್ತದೆ, ಇಲ್ಲವೇ ಸಿಡಿಯುತ್ತದೆ. ಕೇಸಿನ ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪಾಕೆಟ್ಟಿನ ಸುತ್ತ ಒತ್ತಿದ ಉಂಗುರದ ಗುರುತೋ, ಮೂರು ನಾಲ್ಕು ಕಡೆ ಚುಚ್ಚಿದ ಗುರುತೋ ಇದ್ದರೆ ಅದು ಕ್ರಿಂಪ್. ರೀಮರ್‌ನಿಂದ ಕೆರೆದು ತೆಗೆಯಬಹುದು, ಸ್ವೇಜರ್‌ನಿಂದ ಹಿಂದಕ್ಕೆ ಒತ್ತಬಹುದು. ಕೆರೆಯುವಾಗ ಕೈ ತಡೆದು ಕೆರೆಯಿರಿ. ಬಾಯಿ ಅಗಲವಾದರೆ ಪ್ರೈಮರ್ ಸಡಿಲವಾಗುತ್ತದೆ, ಆ ಕೇಸ್ ಎಸೆಯುವುದೇ ಸೈ. ಯಾವ ಟೂಲ್ ತಂದರೂ ಈ ತೊಂದರೆ ತಾನಾಗಿ ಹೋಗುವುದಿಲ್ಲ.

ತಳದ ಕರಿ: ಪ್ರತಿ ಸಲ ಹಾರಿದಾಗಲೂ ಪಾಕೆಟ್ಟಿನ ತಳದಲ್ಲಿ ಮಸಿ ಕೂರುತ್ತದೆ. ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ಪದರ ದಪ್ಪವಾದಾಗ ಅನ್ವಿಲ್‌ನ ಕಾಲು ಲೋಹದ ಮೇಲಲ್ಲ, ಮಸಿಯ ಮೇಲೆ ನಿಲ್ಲುತ್ತದೆ. ಪ್ರೈಮರ್ ಕೂತಂತೆ ಕೈಗೆ ಅನಿಸುತ್ತದೆ, ಏಟು ಬಿದ್ದಾಗ ಮಸಿ ಪುಡಿಯಾಗಿ ಪ್ರೈಮರ್ ಕುಸಿಯುತ್ತದೆ. ಪಾಕೆಟ್ ಬ್ರಷ್ಷಿನ ನಾಲ್ಕು ಸುತ್ತು ಸಾಕು. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ಉರುಳಿಸಿ ತೊಳೆಯುವವರಿಗೆ ಈ ಗೋಜಿಲ್ಲ, ಆದರೆ ಅವರು ಬೇರೊಂದನ್ನು ನೋಡಬೇಕು: ಪಾಕೆಟ್ಟಿನ ತೂತಿನಲ್ಲಿ ಪಿನ್ ಸಿಕ್ಕಿಕೊಂಡಿರಬಹುದು, ಕೇಸ್ ಪೂರ್ತಿ ಒಣಗದಿರಬಹುದು.

ಅಳತೆಯ ಗೊಂದಲ: ಸಾಮಾನ್ಯ ರೈಫಲ್, ಪಿಸ್ತೂಲ್ ಪ್ರೈಮರ್‌ಗಳು ಅಗಲದಲ್ಲಿ ಎರಡೇ ಬಗೆ. ಸ್ಮಾಲ್ ಅಂದರೆ ಸುಮಾರು 0.175 ಇಂಚು, ಲಾರ್ಜ್ ಅಂದರೆ ಸುಮಾರು 0.210 ಇಂಚು. .45 ಎಸಿಪಿ ಅನ್ನುವ ಪಿಸ್ತೂಲ್ ತೋಟಾದ ಕೇಸ್ ಎರಡೂ ಬಗೆಯ ಪಾಕೆಟ್ಟಿನಲ್ಲಿ ಸಿಗುತ್ತದೆ, 6.5 ಕ್ರೀಡ್‌ಮೂರ್ ಅನ್ನುವ ರೈಫಲ್ ತೋಟಾದ್ದೂ ಹಾಗೇ. ಬೆರೆತ ಡಬ್ಬಿಯಿಂದ ಸ್ಮಾಲ್ ಪಾಕೆಟ್ಟಿನ ಕೇಸೊಂದು ಕೈಗೆ ಬಂದು, ಟೂಲಿನಲ್ಲಿ ಲಾರ್ಜ್ ಪ್ರೈಮರ್ ಇದ್ದರೆ ಹಿಡಿ ಅಲ್ಲೇ ನಿಲ್ಲುತ್ತದೆ. ಆಗ ನೀವೂ ನಿಲ್ಲಿ. ಇನ್ನೊಂದು ಗೊಂದಲ ಕಣ್ಣಿಗೆ ಕಾಣದ್ದು. ಲಾರ್ಜ್ ರೈಫಲ್ ಪ್ರೈಮರ್ ಲಾರ್ಜ್ ಪಿಸ್ತೂಲ್ ಪ್ರೈಮರ್‌ಗಿಂತ ಎತ್ತರ. ಅಗಲ ಒಂದೇ ಆದ್ದರಿಂದ ಪಿಸ್ತೂಲ್ ಕೇಸಿಗೆ ಸಲೀಸಾಗಿ ಹೋಗುತ್ತದೆ, ಆದರೆ ತಲೆ ಹೊರಗೇ ಉಳಿಯುತ್ತದೆ. ಪಾಕೆಟ್ ಶುದ್ಧ, ಟೂಲ್ ಸರಿ, ಆದರೂ ಎಲ್ಲವೂ ಒಂದೇ ಅಳತೆಗೆ ಎದ್ದು ನಿಂತಿವೆ ಅಂದರೆ ಡಬ್ಬಿಯ ಮೇಲಿನ ಹೆಸರು ಓದಿ. ಸ್ಮಾಲ್‌ನಲ್ಲಿ ರೈಫಲ್‌ದೂ ಪಿಸ್ತೂಲ್‌ದೂ ಅಳತೆ ಒಂದೇ, ಆದರೆ ರೈಫಲ್ ಪ್ರೈಮರಿನ ಬಟ್ಟಲು ದಪ್ಪ. ಹಗುರ ಸ್ಪ್ರಿಂಗಿನ ಪಿಸ್ತೂಲಿನಲ್ಲಿ ಅದು ಸಿಡಿಯದೆ ಉಳಿಯಬಹುದು. ಅದಕ್ಕೂ ಜನ ಬೈಯುವುದು ಟೂಲನ್ನೇ.

ಸಡಿಲ ಪಾಕೆಟ್: ಪ್ರೈಮರ್ ಏನೂ ಒತ್ತಡವಿಲ್ಲದೆ ಜಾರಿ ಹೋದರೆ ಖುಷಿ ಪಡಬೇಡಿ. ಹಲವು ಸಲ ಅಥವಾ ಜಾಸ್ತಿ ಒತ್ತಡದಲ್ಲಿ ಹಾರಿದ ಕೇಸಿನ ತಳ ಹಿಗ್ಗಿರುತ್ತದೆ. ಇಂಥದ್ದರಲ್ಲಿ ಗ್ಯಾಸ್ ಸೋರಿ ಬೋಲ್ಟ್ ಮುಖಕ್ಕೆ ಸುಟ್ಟ ಗುಳಿ ಬೀಳುತ್ತದೆ. ಕೇಸನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿಗೆ ಹಾಕಿ, ಮತ್ತೆ ಡಬ್ಬಿಗೆ ಸೇರದ ಹಾಗೆ. ಒಂದೇ ಸಲ ಹಾರಿಸಿದ ಕೇಸುಗಳೇ ಹೀಗಾಗುತ್ತಿದ್ದರೆ ಮದ್ದಿನ ಪ್ರಮಾಣ ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ಟೂಲಿನದೇ ದೋಷ ಅಂತಾದರೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಟೂಲ್ ಒಳಗೆ ಏನಾಗುತ್ತದೆ ಎಂದು ತಿಳಿದರೆ ಮುಂದಿನ ಆಯ್ಕೆ ತಾನಾಗಿ ಸುಲಭವಾಗುತ್ತದೆ.

ಹಿಡಿ ಒತ್ತಿದಾಗ ಒಂದು ರಾಡ್ ಮೇಲೆ ಬಂದು ಪ್ರೈಮರನ್ನು ತಳ್ಳುತ್ತದೆ. ಆ ಒತ್ತಡಕ್ಕೆ ಕೇಸೂ ಮೇಲೆ ಎದ್ದು, ಅದರ ರಿಮ್ (ತಳದ ಸುತ್ತಿನ ಅಂಚು) ಕೇಸನ್ನು ಹಿಡಿದಿಡುವ ಶೆಲ್ ಹೋಲ್ಡರಿನ ತುಟಿಗೆ ತಗುಲಿ ನಿಲ್ಲುತ್ತದೆ. ಅಂದರೆ ಕೇಸಿನ ತಳ ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವುದು ರಿಮ್ಮಿನ ದಪ್ಪ. ರಿಮ್ ತೆಳ್ಳಗಿದ್ದರೆ ತಳ ತುಸು ಮೇಲೆ ಹೋಗುತ್ತದೆ. ರಾಡ್ ಮಾತ್ರ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಪರಿಣಾಮ, ಪ್ರೈಮರ್ ಅಷ್ಟು ಕಡಿಮೆ ಆಳಕ್ಕೆ ಹೋಗುತ್ತದೆ. ಆಳ ಹೊಂದಿಸುವ ಸ್ಕ್ರೂ ಇರುವ ಟೂಲಿನಲ್ಲೂ, ಬೆರಕೆ ಕೇಸ್ ಹಾಕಿದಾಗ ಆಳ ಏರುಪೇರಾಗುವುದು ಇದಕ್ಕೇ. ಸ್ಕ್ರೂ ಕೆಟ್ಟಿಲ್ಲ, ರಿಮ್‌ಗಳು ಬೇರೆ ಬೇರೆ.

ಎಲ್ಲ ಕೇಸಿನಲ್ಲೂ ಪ್ರೈಮರ್ ಮೇಲೆ ನಿಲ್ಲುತ್ತಿದ್ದರೆ ಹೀಗೆ ಮಾಡಿ. ಟ್ರೇಯಿಂದ ಎಲ್ಲ ಪ್ರೈಮರ್ ತೆಗೆದಿಡಿ. ಸಿಡಿದು ಹೋದ ಹಳೆ ಪ್ರೈಮರ್ ಒಂದನ್ನು ಶುದ್ಧ ಮಾಡಿದ ಕೇಸಿಗೆ ಟೂಲಿನಿಂದ ಒತ್ತಿ. ಹಿಡಿ ಪೂರ್ತಿ ಮುಚ್ಚಿ ಟೂಲಿನ ಮೈಗೆ ತಗುಲಿದೆಯೇ, ಅಥವಾ ಮುಚ್ಚುವ ಮೊದಲೇ ಗಟ್ಟಿಯಾಗಿ ನಿಂತಿದೆಯೇ ನೋಡಿ. ಹಿಡಿ ಮೈಗೆ ತಗುಲಿದ್ದರೂ ಪ್ರೈಮರ್ ಕೆಳಗೆ ಹೋಗದಿದ್ದರೆ ಟೂಲಿನ ರಾಡ್ ಮೇಲೇರುವ ದೂರವೇ ಸಾಲುತ್ತಿಲ್ಲ. ನಿಮ್ಮ ಕೈಬಲ ಎಷ್ಟಿದ್ದರೂ ಪ್ರಯೋಜನವಿಲ್ಲ. ಹೊಂದಿಸುವ ಸ್ಕ್ರೂ ಇದ್ದರೆ ತಿರುಗಿಸಿ. ಇಲ್ಲದಿದ್ದರೆ ಹಿಡಿಯನ್ನೂ ರಾಡನ್ನೂ ಜೋಡಿಸುವ ಲಿಂಕ್ ಮತ್ತು ಪಿನ್ ನೋಡಿ. ಸಾವಿರಾರು ಸಲ ಒತ್ತಿದ ಟೂಲಿನಲ್ಲಿ ಲಿಂಕಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ, ರಾಡಿನ ಬುಡ ಚಪ್ಪಟೆಯಾಗಿರುತ್ತದೆ. ಹಿಡಿಯನ್ನು ಸುಮ್ನೆ ಅಲ್ಲಾಡಿಸಿ ನೋಡಿದರೇ ಆಟ ಗೊತ್ತಾಗುತ್ತದೆ. ಬಿಡಿಭಾಗ ಸಿಕ್ಕರೆ ಹಾಕಿ, ಸಿಗದಿದ್ದರೆ ಆಗ ಹೊಸದು ಕೊಳ್ಳಲು ನ್ಯಾಯವಾದ ಕಾರಣ ಸಿಕ್ಕಿತು.

ಹಿಡಿ ಮುಚ್ಚದೆ ನಡುವೆಯೇ ನಿಂತರೆ ಮತ್ತೆ ಪಾಕೆಟ್ಟಿನ ಕಡೆಗೇ ಹೋಗಿ. ಅಲ್ಲಿ ಏನೋ ಅಡ್ಡ ಇದೆ.

ಪ್ರೈಮರ್ ಒಂದು ಕಡೆಗೆ ವಾಲಿ ಕೂರುತ್ತಿದ್ದರೆ, ಬಟ್ಟಲಿನ ಅಂಚಿನಲ್ಲಿ ಒಂದೇ ಬದಿಗೆ ಅರ್ಧಚಂದ್ರದ ಹಾಗೆ ಲೋಹ ಕೆರೆದಿದ್ದರೆ, ಕೇಸ್ ಶೆಲ್ ಹೋಲ್ಡರಿನಲ್ಲಿ ನಡುಮಧ್ಯಕ್ಕೆ ಬಂದಿಲ್ಲ. ಶೆಲ್ ಹೋಲ್ಡರ್ ನಂಬರ್ ಸರಿಯಿದೆಯೇ ನೋಡಿ. ಹತ್ತಿರದ ನಂಬರಿನದು ಹಿಡಿದಂತೆ ಮಾಡುತ್ತದೆ, ಆದರೆ ಸಡಿಲ. ರಿಮ್ಮಿಗೆ ಎಕ್ಸ್‌ಟ್ರಾಕ್ಟರ್ (ಬಂದೂಕಿನಲ್ಲಿ ಖಾಲಿ ಕೇಸನ್ನು ಎಳೆಯುವ ಕೊಕ್ಕೆ) ಎಬ್ಬಿಸಿದ ಮುಳ್ಳು ಇದ್ದರೂ ಹೀಗಾಗುತ್ತದೆ, ಸಣ್ಣ ಅರದಲ್ಲಿ ಒಮ್ಮೆ ಸವರಿ. ಅದೂ ಸರಿಯಿದ್ದು ಸ್ವಲ್ಪ ವಾಲಿಕೆ ಉಳಿದರೆ, ಒಮ್ಮೆ ಒತ್ತಿ, ಕೇಸನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಹಗುರವಾಗಿ ಒತ್ತುವುದು ಹಳಬರ ರೂಢಿ. ಖಾಲಿ ಕೇಸಿಗೆ ಮಾತ್ರ, ನೆನಪಿರಲಿ.

ಪ್ರೈಮರ್ ಮೇಲೆ ಗುಳಿಯೋ ಗೀರೋ ಬಿದ್ದರೆ ರಾಡಿನ ತುದಿ ನೋಡಿ. ಹಿತ್ತಾಳೆಯ ಒಂದು ಚೂರು ಅಂಟಿದ್ದರೂ ಪ್ರತಿ ಪ್ರೈಮರಿನಲ್ಲೂ ಅದೇ ಜಾಗದಲ್ಲಿ ಗುರುತು ಬೀಳುತ್ತದೆ. ಟ್ರೇ ಖಾಲಿ ಮಾಡಿ, ತುದಿ ಒರೆಸಿ. ತುದಿಯ ಅಂಚು ಒರಟಾಗಿದ್ದರೆ ನುಣ್ಣನೆಯ ಎಮರಿ ಕಾಗದದಲ್ಲಿ ಎರಡು ಸಲ ಉಜ್ಜಿದರೆ ಸಾಕು. ಉದ್ದ ಕಡಿಮೆ ಮಾಡಬೇಡಿ, ಆಮೇಲೆ ಆಳ ಸಿಗುವುದಿಲ್ಲ.

ಪ್ರೈಮರ್ ತಲೆಕೆಳಗಾಗಿ ಅಥವಾ ಅಡ್ಡಡ್ಡ ಬರುವುದು ಟ್ರೇಯ ಕತೆ. ಟ್ರೇಯ ಗೆರೆಗಳಲ್ಲಿ ಅಲ್ಲಾಡಿಸಿದಾಗ ಪ್ರೈಮರ್‌ಗಳು ಒಂದೇ ಮುಖಕ್ಕೆ ತಿರುಗಬೇಕು. ಮುಚ್ಚಳ ಹಾಕಿದ ಮೇಲೆ ಮಗುಚಿಕೊಳ್ಳುವಷ್ಟು ಜಾಗ ಇರಬಾರದು. ಮುಚ್ಚಳ ಬಾಗಿದ್ದರೆ ಆ ಜಾಗ ಹುಟ್ಟಿಕೊಳ್ಳುತ್ತದೆ. ಟೂಲನ್ನು ತುಂಬ ಓರೆ ಹಿಡಿದರೂ, ಜೋರಾಗಿ ಕುಲುಕಿದರೂ ಹೀಗಾಗುತ್ತದೆ. ಅಡ್ಡ ಸಿಕ್ಕಿದ ಪ್ರೈಮರನ್ನು ಬಲದಿಂದ ಒತ್ತಬೇಡಿ, ಚಾಕು ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಮೊದಲು ಟ್ರೇಯನ್ನು ಬೇರೆ ಮಾಡಿ. ಮುದುಡಿದ ಪ್ರೈಮರನ್ನು ನೀರಲ್ಲೋ ಎಣ್ಣೆಯಲ್ಲೋ ನೆನೆಸಿದರೆ ಸತ್ತಿತು ಎಂದು ನಂಬಬೇಡಿ, ಈಗಿನ ಪ್ರೈಮರ್‌ಗಳು ಅಷ್ಟು ಸುಲಭಕ್ಕೆ ಕೆಡುವುದಿಲ್ಲ.

ರಾಡ್ ಹಿಂದೆ ಬರದೆ ಮೇಲೆಯೇ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ರಾಡ್ ಓಡಾಡುವ ತೋಳಿನಲ್ಲಿ (ಕೊಳವೆಯಲ್ಲಿ) ಪ್ರೈಮರ್ ಪುಡಿ ತುಂಬಿದೆ. ಆ ಪುಡಿ ಸಿಡಿಯುವ ಪುಡಿ, ಸೀಸವೂ ಇರುತ್ತದೆ. ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಿರಿ. ತಿರುಗುವ ಭಾಗಕ್ಕೆ ಒಣ ಗ್ರ್ಯಾಫೈಟ್ ಸಾಕು. ಎಣ್ಣೆ ಟ್ರೇ ಕಡೆಗೆ ಹರಿಯದಿರಲಿ.

ಈಗ ಟೂಲ್ ಕೊಳ್ಳುವ ಮಾತು

ಇಷ್ಟೆಲ್ಲ ನೋಡಿದ ಮೇಲೂ ಹೊಸದೇ ಬೇಕು ಅಂತಾದರೆ, ನಿಮಗೆ ಕಾಡಿದ ದೋಷವೇ ಯಾವುದು ಕೊಳ್ಳಬೇಕು ಎಂದು ಹೇಳುತ್ತದೆ.

ಕೈನೋವು ದೊಡ್ಡ ಸಮಸ್ಯೆಯಾದರೆ, ಅಥವಾ ಒಂದೇ ಸಲ ಕೂತು ನೂರಾರು ಕೇಸ್ ಮಾಡುವವರಾದರೆ, ಕೈಯಲ್ಲಿ ಹಿಡಿಯುವ ಟೂಲನ್ನೇ ಬಿಟ್ಟು ಮೇಜಿಗೆ ಬಿಗಿಯುವ ಪ್ರೈಮರ್ ನೋಡಿ. ಉದ್ದ ಹಿಡಿ ಕೆಲಸ ಹಗುರ ಮಾಡುತ್ತದೆ. ಸ್ಪರ್ಶ ಸ್ವಲ್ಪ ಮಂದವಾಗುತ್ತದೆ ಅನ್ನುವವರಿದ್ದಾರೆ. ಒಳ್ಳೆಯ ಮೇಜು ಟೂಲಿನಲ್ಲಿ ನನಗೆ ಹಾಗೆ ಅನಿಸಿಲ್ಲ.

ಆಳ ಏರುಪೇರಾಗುವುದೇ ಕಾಟವಾದರೆ, ನೀವು ದೂರದ ಗುರಿಗೆ ಹೊಡೆಯುವವರಾದರೆ, ಒಂದೊಂದೇ ಪ್ರೈಮರನ್ನು ಬೆರಳಲ್ಲಿ ಇಟ್ಟು ಒತ್ತುವ ಟೂಲ್ ಒಳ್ಳೆಯದು. ನಿಧಾನ, ಆದರೆ ಕೈಗೆ ಎರಡು ಹಂತ ಸ್ಪಷ್ಟವಾಗಿ ಗೊತ್ತಾಗುತ್ತದೆ: ಬಟ್ಟಲು ಗೋಡೆಗೆ ಉಜ್ಜುತ್ತ ಇಳಿಯುವ ಬಿಗಿ, ಆಮೇಲೆ ಅನ್ವಿಲ್ ತಳ ಮುಟ್ಟಿದಾಗಿನ ಗಟ್ಟಿ ತಡೆ. ಈ ಎರಡನೇ ತಡೆ ಗೊತ್ತಾಗದ ಟೂಲ್ ಎಷ್ಟು ದುಬಾರಿಯಾದರೂ ನನಗೆ ಬೇಡ. ಟ್ರೇ ಇಲ್ಲದ್ದರಿಂದ ಪಕ್ಕದ ಪ್ರೈಮರ್ ಸಿಡಿಯುವ ಭಯವೂ ಇಲ್ಲ. ಆಳ ಹೊಂದಿಸುವ ಸ್ಕ್ರೂ ಇದ್ದರೆ ಒಳ್ಳೆಯದೇ, ಆದರೆ ಕೇಸುಗಳನ್ನು ಕಂಪನಿವಾರು ಬೇರೆ ಮಾಡುವ ತಾಳ್ಮೆ ಇಲ್ಲದವರಿಗೆ ಆ ಸ್ಕ್ರೂಗೆ ಕೊಟ್ಟ ದುಡ್ಡು ದಂಡ.

ಸಾಮಾನ್ಯ ಬಳಕೆಗೆ ಟ್ರೇ ಇರುವ ಹ್ಯಾಂಡ್ ಪ್ರೈಮರ್ ಸಾಕು. ಅದರಲ್ಲಿ ನಾನು ಮೊದಲು ನೋಡುವುದು ಟ್ರೇಗೂ ಒತ್ತುವ ಜಾಗಕ್ಕೂ ನಡುವೆ ತಡೆ ಇದೆಯೇ ಎಂದು. ಒತ್ತುವಾಗ ಒಂದು ಪ್ರೈಮರ್ ಸಿಡಿದರೂ ಬೆಂಕಿ ಟ್ರೇಗೆ ಹೋಗದ ಹಾಗೆ ಮುಚ್ಚಿಕೊಳ್ಳುವ ಗೇಟ್ ಇರಬೇಕು. ಯಾವ ಕಂಪನಿಯ ಪ್ರೈಮರ್ ಬಳಸಬಾರದು ಎಂದು ಟೂಲಿನ ಹಾಳೆಯಲ್ಲಿ ಬರೆದಿದ್ದರೆ ಅದು ವಕೀಲರ ಮಾತು ಎಂದು ತಳ್ಳಿಹಾಕಬೇಡಿ.

ಶೆಲ್ ಹೋಲ್ಡರ್ ವಿಷಯ ಕೊಳ್ಳುವ ಮೊದಲೇ ತಿಳಿದಿರಲಿ. ಕೆಲವು ಟೂಲ್‌ಗೆ ನಿಮ್ಮ ಪ್ರೆಸ್ಸಿನ (ತೋಟಾ ಮರುತುಂಬುವ ಮೇಜಿನ ಯಂತ್ರದ) ಶೆಲ್ ಹೋಲ್ಡರೇ ನಡೆಯುತ್ತದೆ. ಲೀ ಕಂಪನಿಯ ಹ್ಯಾಂಡ್ ಪ್ರೈಮರ್‌ಗೆ ಅದರದೇ ಬೇರೆ ಸೆಟ್ ಬೇಕು. ಆರ್‌ಸಿಬಿಎಸ್ ಕಂಪನಿಯ ಯೂನಿವರ್ಸಲ್ ಮಾದರಿಗೆ ಶೆಲ್ ಹೋಲ್ಡರೇ ಬೇಡ, ಸ್ಪ್ರಿಂಗಿನ ದವಡೆ ಕೇಸನ್ನು ಹಿಡಿಯುತ್ತದೆ. ಹಲವು ಕ್ಯಾಲಿಬರ್ (ತೋಟಾದ ಅಳತೆ) ಮಾಡುವವರಿಗೆ ಅದು ಅನುಕೂಲ. ಒಂದೇ ಕ್ಯಾಲಿಬರ್ ಮಾಡುವವರಿಗೆ ಅಳತೆಗೆ ಸರಿಯಾದ ಶೆಲ್ ಹೋಲ್ಡರೇ ವಾಸಿ.

ಅಂಗಡಿಯಲ್ಲಿ ಟೂಲ್ ಕೈಗೆ ಕೊಟ್ಟರೆ ಖಾಲಿ ಹಿಡಿಯನ್ನೇ ಹತ್ತಾರು ಸಲ ಒತ್ತಿ ನೋಡಿ. ಹೆಬ್ಬೆರಳಿನ ಬುಡಕ್ಕೆ ಚುಚ್ಚಬಾರದು. ಬೆರಳು ಪೂರ್ತಿ ಸುತ್ತಿಕೊಳ್ಳುವಷ್ಟು ಹಿಡಿ ಹತ್ತಿರ ಇರಬೇಕು. ಅಗಲ ಜಾಸ್ತಿಯಾದರೆ ಬಲ ಬೇಕಾಗುವ ಹೊತ್ತಿನಲ್ಲೇ ಬೆರಳು ಚಾಚಿಕೊಂಡಿರುತ್ತದೆ. ಎಡಗೈಯವರು ಟ್ರೇ ಯಾವ ಬದಿಗೆ ಬರುತ್ತದೆ ನೋಡಿಕೊಳ್ಳಿ. ಸ್ಮಾಲ್‌ನಿಂದ ಲಾರ್ಜ್‌ಗೆ ರಾಡ್ ಬದಲಿಸಲು ಎಷ್ಟು ಬಿಚ್ಚಬೇಕು, ಬಿಚ್ಚಿದಾಗ ಸ್ಪ್ರಿಂಗ್ ಹಾರಿ ಹೋಗುತ್ತದೆಯೇ ಕೇಳಿ. ಲಿಂಕ್, ಸ್ಪ್ರಿಂಗ್, ಟ್ರೇ ಮುಚ್ಚಳ ಬಿಡಿಯಾಗಿ ಸಿಗುತ್ತವೆಯೇ ಅನ್ನುವುದನ್ನೂ ಅಲ್ಲೇ ವಿಚಾರಿಸಿ. ಸಿಗುವುದಾದರೆ ಮೈ ಪ್ಲಾಸ್ಟಿಕ್‌ದಾದರೂ ಚಿಂತೆಯಿಲ್ಲ, ಮೊದಲು ಸವೆಯುವುದು ಈ ಸಣ್ಣ ಭಾಗಗಳೇ.